ಗೋಡೆ ಕಡೆ ಮುಖ

“ಆ ಬಂಪರೂ ಜೀಪಿಗೆ ಕೂರಲ್ಲ, ನಿನ್ ಮಗಳೂ ಓದಿ ಮುಗಿಸಲ್ಲ, ಬುಡ್ಲಾ” ಎಂದು ಅಪ್ಪನಿಗೆ ಹೇಳಿದವರು ನಮ್ಮ ದೊಡ್ಡಪ್ಪ. ಈಗಲೂ ವೆಲ್ಡಿಂಗ್ ವಾಸನೆ ಬಂದರೆ ನಾನು ಗೋಡೆಯ ಕಡೆ ತಿರುಗಿಬಿಡುತ್ತೇನೆ.

ಅಮ್ಮ ತೀರಿಕೊಂಡ ಮೇಲೆ, ಶಾಲೆಗೆ ರಜೆಯಿದ್ದಾಗ ಅಪ್ಪ ನನ್ನನ್ನು ಭಾರತೀನಗರದ ತನ್ನ ಶೆಡ್ಡಿಗೆ ಕರೆದೊಯ್ಯುತ್ತಿದ್ದ. ದೊಡ್ಡಪ್ಪ ಹಾಗೆಂದ ದಿನ ಮಧ್ಯಾಹ್ನ, ಕಬ್ಬಿನ ಗದ್ದೆಯ ಕೆಸರಲ್ಲಿ ಓಡಾಡುವ ಹಳೇ ಜೀಪಿಗೆ ಸ್ಟೀಲ್ ಪೈಪಿನ ಬಂಪರು ಮಾಡುತ್ತಿದ್ದ. ಹಿಂದಿನ ದಿನ ಒಂದೇ ಬದಿಯಿಂದ ವೆಲ್ಡ್ ಮಾಡಿದ್ದಕ್ಕೆ ಅದು ಬಿಸಿಗೆ ಸೊಟ್ಟಗಾಗಿತ್ತು. ಕತ್ತರಿಸಿ ಮತ್ತೆ ಕೂಡಿಸುತ್ತಿದ್ದ.

“ಬೆಳಕು ನೋಡ್ಬ್ಯಾಡ ಕಣವ್ವ, ಕಣ್ಣೋಯ್ತದೆ. ಗೋಡೆ ಕಡೆ ತಿರುಗ್ಕೊಂಡು ಓದ್ಕೊ.”

ಮಾತಾಡಲು ಬೇರೆ ಯಾರೂ ಇರಲಿಲ್ಲ, ಗೋಡೆಗೇ ಪಾಠ ಓದಿ ಹೇಳಿದೆ. ಬೆನ್ನ ಹಿಂದೆ ಚಟಚಟ ಸದ್ದು. ಸುಣ್ಣದ ಮೇಲೆ ನನ್ನೊಬ್ಬಳ ನೆರಳು ನಡುಗುತ್ತಿತ್ತು. ಸಂಜೆ ಸದ್ದು ನಿಂತಾಗ ತಿರುಗಿ ನೋಡಿದರೆ ಬಂಪರು ಜೀಪಿಗೆ ನೆಟ್ಟಗೆ ಕೂತಿತ್ತು. ಕೈ ಚಾಚಿದೆ.

“ಮುಟ್ಬ್ಯಾಡ, ಆರ್ಲಿ” ಎಂದ ಅಪ್ಪ.

ಎಷ್ಟೋ ವರ್ಷದ ಮೇಲೆ ಡಿಗ್ರಿ ಸರ್ಟಿಫಿಕೇಟು ತಂದು ಅದೇ ಶೆಡ್ಡಿನಲ್ಲಿ ಅಪ್ಪನ ಮುಂದೆ ಹಿಡಿದೆ. ನಮ್ಮ ವಂಶದಲ್ಲಿ ಅಂಥದ್ದು ಬಂದದ್ದು ಅದೇ ಮೊದಲು. ಅಪ್ಪ ಎರಡೂ ಕೈಯನ್ನು ಲುಂಗಿಗೆ ಒರೆಸಿಕೊಂಡ. ಆದರೂ ಚಾಚಲಿಲ್ಲ.

“ಮುಟ್ಬೋದೇನವ್ವ?” ಎಂದ.