ಸುಚೇತಾಳ ಪ್ರಾಜೆಕ್ಟ್

ಕಾಲೇಜಿನಲ್ಲಿ ಸೈಬರ್ ಸುರಕ್ಷತೆ ಕಲಿಸುವ ರೇವಣಸಿದ್ದಪ್ಪ, ಕೊನೆಯ ವರ್ಷದವರ ಪ್ರಾಜೆಕ್ಟ್ ನೋಡಲೆಂದು ತಮ್ಮ ಕೋಣೆಯಿಂದ ಹೊರಡುವಷ್ಟರಲ್ಲಿ ಫೋನ್ ಬಂತು. ವಿದ್ಯಾರ್ಥಿನಿ ಸುಚೇತಾಳ ದನಿ.

"ಸರ್, ಲ್ಯಾಬಲ್ಲಿ ನಮ್ಮ ಪ್ರಾಜೆಕ್ಟೇ ಅಳಿಸಿಹೋಗ್ತಿದೆ! ನಿಮ್ಮ ಪಾಸ್‌ವರ್ಡ್ ಹಾಕಿದ್ರೆ ಮಾತ್ರ ನಿಲ್ಲುತ್ತೆ."

"ಅದನ್ನ ಯಾರಿಗೂ ಕೊಡಬಾರದು ಅಂತ ವರ್ಷವಿಡೀ ಪಾಠ ಮಾಡಿದೀನಲ್ಲಮ್ಮ! ಇರು, ನಾನೇ ಬರ್ತೀನಿ."

"ನೀವು ಬರೋ ಹೊತ್ತಿಗೆ ಎಲ್ಲಾ ಹೋಗಿರುತ್ತೆ ಸರ್. ಈ ಸಲ ಫೇಲಾದ್ರೆ ಅಪ್ಪ ಓದು ಬಿಡಿಸ್ತಾರೆ. ನಿಮ್ಮ ಕಾಲಿಗೆ ಬೀಳ್ತೀನಿ!" ಅತ್ತ ಕಡೆಯಿಂದ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು.

ರೇವಣಸಿದ್ದಪ್ಪನವರ ಕರುಳು ಚುರುಕ್ಕೆಂದಿತು. ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಹೇಳಿಬಿಟ್ಟರು.

ಫೋನಿನಲ್ಲಿ ಅಳು ಇನ್ನೂ ಕೇಳುತ್ತಿರುವಾಗಲೇ ಬಾಗಿಲು ತೆರೆದು ಸುಚೇತಾ ಒಳಗೆ ಬಂದಳು.

"ಕ್ಷಮಿಸಿ ಸರ್," ಎಂದಳು, "ನನ್ನ ದನಿಯಲ್ಲಿ ಮಾತಾಡೋ ಪ್ರೋಗ್ರಾಮೇ ನಮ್ಮ ಪ್ರಾಜೆಕ್ಟ್."