ಶಂಕ್ರವ್ವನ ಒಂದು ತಾಸು ಬಿಸಿಲು

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಊರಲ್ಲಿ ಬಿಸಿಲು ಕಾಲುವೆ ನೀರಿನಂತೆ ಸರದಿಯ ಮೇಲೆ ಬರುತ್ತಿತ್ತು; ವಾರಕ್ಕೊಮ್ಮೆ ಮನೆಗೆ ಒಂದೇ ತಾಸು. ಇಂದು ಸರದಿ ಬಂದ ಶಂಕ್ರವ್ವ, ಪಾಕದಲ್ಲಿ ಕುದಿಸಿದ ಕಿತ್ತಳೆ ಸಿಪ್ಪೆಯನ್ನು ಅಂಗಳದ ಹಾಸುಗಲ್ಲಿನ ಮೇಲೆ ಹರವುತ್ತಿದ್ದಳು. ಇಂದು ಒಣಗದಿದ್ದರೆ ಬೂಷ್ಟು ಹಿಡಿದು, ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆ ಸಿಹಿಯೇ ಇರುವುದಿಲ್ಲ.

ಅಷ್ಟರಲ್ಲಿ ನೆರೆಯ ಕಾಶವ್ವ ಕಾಮಾಲೆಯಾದ ಎಳೆಯ ಮೊಮ್ಮಗನನ್ನು ಬಿಸಿಲಿಗೆ ಮಲಗಿಸಲೆಂದು ಎತ್ತಿಕೊಂಡು ಬಂದಳು.

“ಅಕ್ಕಾ, ಹ್ವಾದ ವರ್ಷ ನಿನ್ನ ಹಪ್ಪಳಕ್ಕ ನಮ್ಮ ಅರ್ಧ ತಾಸು ಬಿಸಿಲು ಕೊಟ್ಟಿದ್ದೆ. ಈಗ ಹೊಳ್ಳಿ ಕೊಡವಾ.”

“ಇವತ್ತ ಬೇಕಾತೇನ? ಸಿಪ್ಪಿ ಬಾಜೂಕ ಮಲಗಸು.”

“ಪಾಕದ ಇರಿವಿ ಕೂಸಿಗೆ ಮುತ್ತಂಗಿಲ್ಲೇನ?”

ಶಂಕ್ರವ್ವ ಕೂಸಿನ ಹಳದಿ ಅಂಗಾಲು ನೋಡಿದಳು. ಗೊಣಗುತ್ತಲೇ ಸಿಪ್ಪೆ ಬಾಚಿ, ಕಲ್ಲನ್ನು ಒದ್ದೆ ಅರಿವೆಯಿಂದ ಎರಡು ಸಲ ಒರೆಸಿದಳು.

ಅರ್ಧ ತಾಸಿಗೆ ಕಾಶವ್ವ ಎದ್ದಳು. “ಸಾಲ ತೀರ್ತು.”

“ಕುಂದ್ರು, ಕೂಸಿಗೆ ನಿದ್ದಿ ಹತ್ತೇತಿ. ಉಳಿದ ಬಿಸಿಲು ನಿನ್ನ ಮ್ಯಾಲೆ ಸಾಲ,” ಎಂದು ಶಂಕ್ರವ್ವ ಒಣಗದ ಸಿಪ್ಪೆಯೊಂದನ್ನು ಬಾಯಿಗೆ ಹಾಕಿಕೊಂಡಳು.