ಮೇಷ್ಟ್ರ ಮನೆಯ ವಿಗ್ರಹ

ಮಗಳ ಸಾಮಾನು ಲಾರಿಗೆ ಏರುತ್ತಿದ್ದ ಹೊತ್ತಿಗೇ ಮೇಷ್ಟ್ರ ಮೇಜಿನ ಮೇಲಿದ್ದ ಕನ್ನಡಕ ಮಾಯವಾಯಿತು. ಅವರದಲ್ಲ, ಅವರದು ಮೂಗಿನ ಮೇಲೇ ಇತ್ತು. ಕಾಣೆಯಾದದ್ದು ಮೂರು ವರ್ಷದ ಹಿಂದೆ ತೀರಿಕೊಂಡ ಹೆಂಡತಿಯದು. ಬೆಳಗ್ಗೆ ಎದ್ದು ಅದರ ಜೊತೆ ಎರಡು ಮಾತಾಡದೆ ಮೇಷ್ಟ್ರು ಕಾಫಿಯನ್ನೂ ಮುಟ್ಟುತ್ತಿರಲಿಲ್ಲ.

ದಿಂಬಿನಡಿ ನೋಡಿದರು, ಪುಸ್ತಕಗಳ ಹಿಂದೆ ತಡಕಾಡಿದರು, ಸಕ್ಕರೆ ಡಬ್ಬಿಯನ್ನೂ ಬಿಡಲಿಲ್ಲ. ಕೊನೆಗೆ ಮಗಳ ಕೋಣೆಗೆ ಬಂದರು. ಇಷ್ಟು ವರ್ಷ ಜೊತೆಗಿದ್ದವಳು ಇವತ್ತು ಗಂಡನ ಕೆಲಸದ ಊರಿಗೆ ಹೊರಟಿದ್ದಳು. ಕೋಣೆಯೆಲ್ಲ ಖಾಲಿ. ಉಳಿದಿದ್ದ ಒಂದೇ ಟ್ರಂಕಿನ ಮೇಲೆ ಅವಳು ಕೂತಿದ್ದಳು.

"ಏಳೇ, ಇದೊಂದು ಏರಿಸಿದ್ರೆ ಮುಗೀತು," ಎಂದ ಅಳಿಯ.

"ಸೊಂಟ ಹಿಡ್ಕೊಂಡಿದೆ ಕಣ್ರೀ. ಆಮೇಲೆ ಏಳ್ತೀನಿ," ಎಂದಳು. ಅಪ್ಪನ ಮುಖ ನೋಡಲಿಲ್ಲ.

ಮೇಷ್ಟ್ರಿಗೆ ಥಟ್ಟನೆ ಹೊಳೆಯಿತು. ಇದು ಅವರು ಮೂವತ್ತು ವರ್ಷ ಪಾಠ ಮಾಡಿದ ಕಥೆ. ಹೀಬ್ರೂ ಧರ್ಮಗ್ರಂಥದಲ್ಲಿ ಮಗಳೊಬ್ಬಳು ಅಪ್ಪನ ಮನೆದೇವರ ವಿಗ್ರಹಗಳನ್ನು ಕದ್ದು ಗಂಡನ ಜೊತೆ ಹೊರಡುತ್ತಾಳೆ. ಬೆನ್ನಟ್ಟಿ ಬಂದ ಅಪ್ಪ ಗುಡಾರವನ್ನೆಲ್ಲ ಜಾಲಾಡುತ್ತಾನೆ. ಮಗಳು ಅವನ್ನು ಒಂಟೆಯ ಜೀನಿನೊಳಗೆ ಬಚ್ಚಿಟ್ಟು, ಅದರ ಮೇಲೆ ಕೂತು, ಮೈ ಸರಿಯಿಲ್ಲ, ಏಳಲಾರೆ ಎನ್ನುತ್ತಾಳೆ. ಯಾಕೆ ಕದ್ದಳು ಎಂದು ಮೇಷ್ಟ್ರು ಕೇಳುತ್ತಿದ್ದರು. ತವರಿನ ಆಸೆಗೆ ಎಂದ ಹುಡುಗರನ್ನು ಕೂರಿಸಿ, "ಅಪ್ಪನ ವಿಗ್ರಹದ ಹುಚ್ಚು ಬಿಡಿಸೋಕೆ ಕಣ್ರೋ. ಮೇಲೆ ಕೂತರೂ ಕಮಕ್ ಕಿಮಕ್ ಅನ್ನದ್ದು ಎಂಥಾ ದೇವರು?" ಎಂದರೆ ಕ್ಲಾಸೆಲ್ಲ ಗೊಳ್ಳೆನ್ನುತ್ತಿತ್ತು.

ಇವತ್ತು ಅವರಿಗೆ ನಗು ಬರಲಿಲ್ಲ. ಆ ಕನ್ನಡಕ ಹೋದರೆ ನಾಳೆ ಬೆಳಗ್ಗೆ ಯಾರ ಜೊತೆ ಮಾತಾಡುವುದು? ಒಂದು ಮಾತು ಕೇಳಿದರೆ ಸಾಕು, ಮಗಳು ತೆಗೆದು ಕೈಗಿಡುತ್ತಾಳೆ. ಅದೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಕೇಳಲು ಬಾಯಿ ಬರುತ್ತಿರಲಿಲ್ಲ.

"ನನ್ನ ಹುಚ್ಚು ಬಿಡಿಸೋಕಾ ಮಗಳೇ?" ಎಂದರು ಮೆಲ್ಲಗೆ.

ಅಳಿಯ ತಲೆಬುಡ ತಿಳಿಯದೆ ಇಬ್ಬರನ್ನೂ ನೋಡಿದ. ಆ ಪಾಠ ಕೇಳುತ್ತಲೇ ಬೆಳೆದ ಮಗಳಿಗೆ ಅರ್ಥವಾಯಿತು. ಟ್ರಂಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಲ್ಲಪ್ಪಾ. ನಂಗೂ ಅಮ್ಮ ಬೇಕು."

ಮೇಷ್ಟ್ರು ಜೇಬಿನಿಂದ ಮೆತ್ತನೆಯ ಬಟ್ಟೆಯ ಚೂರೊಂದನ್ನು ತೆಗೆದು ಅವಳ ಮಡಿಲಿಗೆ ಹಾಕಿದರು.

"ದಿನಾ ಒರೆಸಮ್ಮಾ. ಧೂಳು ಕೂತ್ರೆ ಅವಳಿಗೆ ನೀನು ಕಾಣಲ್ಲ."